ಧಾರೆ ಎರೆದ ಕೈ

ಮಧುಗಿರಿ ಬೆಟ್ಟದ ನೆರಳು ಬೀಳುವ ಬೀದಿಯಲ್ಲಿ ನನ್ನದೊಂದು ಸಣ್ಣ ಸ್ಟುಡಿಯೋ. ಮದುವೆ, ನಾಮಕರಣ, ಗೃಹಪ್ರವೇಶಗಳ ವಿಡಿಯೋ ತೆಗೆದು, ಕತ್ತರಿಸಿ ಜೋಡಿಸಿ ಕೊಡುವುದು ನನ್ನ ಕಸುಬು. ಬೇಡವಾದದ್ದನ್ನು ಮಸುಕು ಮಾಡುವುದೂ ಅದರಲ್ಲೇ ಸೇರಿದೆ. ಜಮೀನಿನ ಜಗಳವಾದ ಮೇಲೆ ಷಡ್ಡಕನ ಮುಖ ನೋಡಲಾರೆ ಎಂದು ಬರುವವರಿದ್ದಾರೆ. ಮಂಟಪದ ಹಿಂದಿನ ಫ್ಲೆಕ್ಸಿನಲ್ಲಿದ್ದ ಮುಖಂಡ ಪಕ್ಷ ಬಿಟ್ಟು ಹಾರಿದನೆಂದು ಅವನನ್ನು ಮಸುಕು ಮಾಡಿಸಿಕೊಂಡು ಹೋದ ಕೊರಟಗೆರೆಯ ಮದುವೆ ಗಂಡೂ ಒಬ್ಬನಿದ್ದ. ಕಂಪ್ಯೂಟರಿನಲ್ಲಿ ಮುಖದ ಸುತ್ತ ಒಂದು ಗೆರೆ ಎಳೆದರೆ ಸಾಕು, ಆ ಮನುಷ್ಯ ಎತ್ತ ತಿರುಗಿದರೂ ಮಸುಕು ಅವನ ಹಿಂದೆಯೇ ಹೋಗುತ್ತದೆ. ಅವರವರ ಮನೆಯ ಹೊಲಸು, ನನಗೇನು ಎಂದು ನಗುತ್ತಲೇ ಮಾಡಿಕೊಡುತ್ತಿದ್ದೆ.

ನನ್ನ ತಂಗಿಯ ಮದುವೆಗೂ ಕ್ಯಾಮೆರಾ ಹಿಡಿದವನು ನಾನೇ. ನಾನು ಹೈಸ್ಕೂಲಿನಲ್ಲಿದ್ದಾಗಲೇ ಅಪ್ಪ ತೀರಿಕೊಂಡಿದ್ದ. ಹಾಗಾಗಿ ತಂಗಿಯನ್ನು ಧಾರೆ ಎರೆದುಕೊಡಲು ಚಿಕ್ಕಪ್ಪ, ಚಿಕ್ಕಮ್ಮ ನಿಂತರು. ಗಂಡ ಸತ್ತವಳು ಧಾರೆಗೆ ಕೈ ಹಾಕಬಾರದು ಎನ್ನುವುದನ್ನು ನಮ್ಮಲ್ಲಿ ಯಾರೂ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಅಮ್ಮ ಕಂಬದ ಪಕ್ಕ ನಿಂತಿದ್ದಳು. ತಮಾಷೆಯೆಂದರೆ, ಆ ಧಾರೆಯ ಹಾಲು ನಮ್ಮ ಹಸುವಿನದು. ಚನ್ನರಾಯನದುರ್ಗದ ಹತ್ತಿರದ ನಮ್ಮ ಊರಿನಿಂದ ಹೊರಡುವ ಮೊದಲು ಅಮ್ಮನೇ ಕರೆದು ಕ್ಯಾನಿಗೆ ತುಂಬಿದ್ದಳು. ಕರೆಯುವಾಗ ಆ ಕೈ ಯಾರಿಗೂ ಅಪಶಕುನವಾಗಿರಲಿಲ್ಲ.

ನೆಂಟರೆಲ್ಲ ಸಾಲಾಗಿ ಬಂದು, ಹುಡುಗ ಹುಡುಗಿ ಹಿಡಿದಿದ್ದ ತೆಂಗಿನಕಾಯಿಯ ಮೇಲೆ ಹಾಲೆರೆದು ಹೋದರು. ಸಾಲು ಮುಗಿಯಿತು ಅನ್ನುವಾಗ ಅಮ್ಮ ಸರಕ್ಕನೆ ಬಂದಳು. ಚಿಕ್ಕಮ್ಮನ ಕೈಯಿಂದ ಗಿಂಡಿ ತೆಗೆದುಕೊಂಡು, ಯಾರ ಮುಖವನ್ನೂ ನೋಡದೆ, ಮಗಳ ಕೈ ಮೇಲೆ ಹಾಲು ಬಿಟ್ಟು ಅಷ್ಟೇ ಬೇಗ ಹಿಂದೆ ಸರಿದಳು. ವಾಲಗದ ಗದ್ದಲದಲ್ಲಿ ತಡೆಯಲು ಯಾರಿಗೂ ತೋಚಲಿಲ್ಲ. ನನಗಂತೂ ಹೊಟ್ಟೆ ತುಂಬಿದಂತಾಯಿತು. ಆ ಖುಷಿಯಲ್ಲಿ ಅಮ್ಮನ ಮುಖ, ಕೈ ಎರಡನ್ನೂ ಹತ್ತಿರದಿಂದ ಹಿಡಿದೆ.

ಮದುವೆಯಾದ ಎರಡನೇ ತಿಂಗಳಿಗೆ ತಂಗಿಯ ಗಂಡ ಬೈಕಿನಿಂದ ಬಿದ್ದು ಕಾಲು ಮುರಿದುಕೊಂಡ. ಶಿರಾದ ಅವರ ಮನೆಯಲ್ಲಿ ಕೂತು ಮದುವೆ ವಿಡಿಯೋ ನೋಡಿದವರಿಗೆ ಕಾರಣ ಸಿಕ್ಕಿಬಿಟ್ಟಿತು. ತಂಗಿಯ ಅತ್ತೆ ನನಗೆ ಫೋನ್ ಮಾಡಿದರು.

"ನೋಡಪ್ಪ, ಬ್ಯಾಸ್ರ ಮಾಡ್ಕಬ್ಯಾಡ. ನಿಮ್ಮಮ್ಮ ಹಾಲು ಬುಟ್ರಲ್ಲ, ಅದು ಕಾಣ್ದಂಗೆ ಮಾಡ್ಬುಡು. ನಮ್ ಕಡೆ ಜನ ಸುಮ್ನಿರಾಕಿಲ್ಲ."

ಆಗಲ್ಲ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಫೋನು ತಂಗಿಯ ಕೈಗೆ ಬಂದಿತ್ತು.

"ಅಣ್ಣಾ, ಮಾಡ್ಬುಡು. ದಿನಾ ಅದೇ ಮಾತು ಎತ್ತಾಡ್ತಾರೆ. ಇಲ್ಲಿ ಬದುಕ್ಬೇಕಾದೋಳು ನಾನು ಕಣಣ್ಣ."

ಅವಳ ದನಿ ಕೇಳಿದ ಮೇಲೆ ನನ್ನ ಪೌರುಷವೆಲ್ಲ ಇಳಿದುಹೋಯಿತು. ಆ ತುಣುಕನ್ನೇ ಕತ್ತರಿಸಿ ಎಸೆಯೋಣವೆಂದರೆ ಅಲ್ಲೇ ಪಕ್ಕದಲ್ಲಿ ಅತ್ತೆಯ ಅಣ್ಣ ಅಕ್ಷತೆ ಹಿಡಿದು ನಿಂತಿದ್ದರು. ವಿಡಿಯೋದಲ್ಲಿ ಅವರು ಇನ್ನೆಲ್ಲೂ ಇರಲಿಲ್ಲ. ಅವರು ಇರಲೇಬೇಕು, ಅಮ್ಮ ಇರಬಾರದು. ಅಮ್ಮನ ಮುಖದ ಸುತ್ತ ಗೆರೆ ಎಳೆದು ಮಸುಕು ಮಾಡಿ, ಪೆನ್ ಡ್ರೈವಿಗೆ ಹಾಕಿ ಕಳಿಸಿದೆ.

ಒಂದು ವಾರಕ್ಕೆ ಮತ್ತೆ ಅತ್ತೆಯ ಫೋನು. "ಇದೇನಪ್ಪ ಇಂಗ್ ಮಾಡ್ದೆ? ಈಗ ನೋಡ್ದೋರೆಲ್ಲ ಯಾರಿವ್ರು, ಯಾರಿವ್ರು ಅಂತಾರೆ. ಮುಖ ಮುಚ್ಚಿದ್ರೆ ಏನ್ ಬಂತು? ಬೋಳು ಕೈ ಎದ್ದು ಕಾಣ್ತೈತೆ."

ಹೌದು. ಇಷ್ಟು ವರ್ಷ ಮುಖವನ್ನೇ ಮುಚ್ಚಿ ಮುಚ್ಚಿ ಅದೇ ಅಭ್ಯಾಸವಾಗಿತ್ತು ನನಗೆ. ನಮ್ಮ ಜನ ಹೆಂಗಸಿನ ಮುಖಕ್ಕಿಂತ ಮೊದಲು ಕೈ ನೋಡುತ್ತಾರೆ ಅನ್ನುವುದು ಹೊಳೆದಿರಲಿಲ್ಲ. ಹಸಿರು ಬಳೆ ತುಂಬಿದ ಅಷ್ಟು ಕೈಗಳ ನಡುವೆ ಅದೊಂದೇ ಬೋಳು ಕೈ.

ಮತ್ತೆ ಕೂತೆ. ಮುಖ ಮುಚ್ಚಿದಷ್ಟು ಸುಲಭವಾಗಿರಲಿಲ್ಲ ಅದು. ಹಾಲು ಬೀಳುತ್ತಿದ್ದಂತೆ ಕಂಪ್ಯೂಟರಿಗೆ ಗುರುತು ತಪ್ಪಿ, ಮಸುಕು ಜಾರಿ ತಂಗಿಯ ಕೈಗೆ ಹೋಗುತ್ತಿತ್ತು. ಕೊನೆಗೆ ಒಂದೊಂದೇ ಚಿತ್ರ ನಿಲ್ಲಿಸಿ ಅಮ್ಮನ ಕೈ ಸುತ್ತ ನಾನೇ ಗೆರೆ ಎಳೆಯಬೇಕಾಯಿತು. ಮುಂಗೈ ಮೇಲೆ ಒಲೆಯಿಂದಾದ ಸುಟ್ಟ ಕಲೆ, ಮಾಸಿದ ಹಚ್ಚೆ, ಹಗ್ಗ ಹಿಡಿದು ಒರಟಾದ ಹೆಬ್ಬೆರಳು. ಅಮ್ಮನ ಕೈಯನ್ನು ನಾನು ಅಷ್ಟು ಹೊತ್ತು ನೋಡಿದ್ದೇ ಇಲ್ಲ. ನೋಡುತ್ತ ನೋಡುತ್ತಲೇ ಅಳಿಸಿದೆ. ನನಗೆ ಅತ್ತೆಯ ಮೇಲೆ ಸಿಟ್ಟು ಬರಲಿಲ್ಲ, ಎರಡನೇ ಸಲವೂ ಕೂತು ಅಚ್ಚುಕಟ್ಟಾಗಿ ಮಾಡಿದೆನಲ್ಲ, ಆ ನನ್ನ ಮೇಲೆ ಬಂತು. ಕೆಲಸ ಮಾತ್ರ ಚೆನ್ನಾಗಿ ಬಂದಿತ್ತು, ಥೂ.

ಅಮ್ಮನಿಗೆ ಹೇಳಲಿಲ್ಲ. ಮೊದಲಿನ ವಿಡಿಯೋ ನನ್ನ ಹತ್ತಿರ ಇತ್ತು. ಅವಳಿಗೆ ಅದನ್ನೇ ತೋರಿಸಿದರಾಯಿತು ಎಂದುಕೊಂಡು ನಾಳೆ, ನಾಡಿದ್ದು ಎಂದು ದೂಡುತ್ತಿದ್ದೆ.

ಗೌರಿ ಹಬ್ಬಕ್ಕೆ ತಂಗಿ, ಅವಳ ಗಂಡ ಊರಿಗೆ ಬಂದರು. ಅವನ ಕಾಲು ಅಷ್ಟರಲ್ಲಿ ನೆಟ್ಟಗಾಗಿತ್ತು. ಊಟವಾದ ಮೇಲೆ ಅವನು, ಪಾಪ, ಮಸುಕಿನ ನೆನಪೇ ಇಲ್ಲದೆ ಒಳ್ಳೆಯ ಮನಸ್ಸಿನಿಂದಲೇ, "ಅತ್ತೆ, ಮದ್ವೆ ನೋಡೇ ಇಲ್ವಂತೆ ನೀವು" ಎಂದು ಜೇಬಿನಿಂದ ಪೆನ್ ಡ್ರೈವ್ ತೆಗೆದು ಟಿವಿಗೆ ಸಿಕ್ಕಿಸಿದ. ನಾನು ಎದ್ದು ನಿಂತೆ. ಏನೆಂದು ತಡೆಯುವುದು? ಹಾಗೇ ಕೂತುಕೊಂಡೆ.

ಚಿಕ್ಕಪ್ಪ ಹಾಲೆರೆದರು, ಚಿಕ್ಕಮ್ಮ ಎರೆದರು, ನೆಂಟರೆಲ್ಲ ಎರೆದರು. ಅಮ್ಮ ಸ್ವಲ್ಪ ಮುಂದಕ್ಕೆ ಜರುಗಿ ಕೂತಳು. ತನ್ನ ಸರದಿ ಬರುತ್ತದೆಂದು ಅವಳಿಗೆ ಗೊತ್ತಿತ್ತು. ಬಂತು. ಅತ್ತೆಯ ಅಣ್ಣನ ಪಕ್ಕದಲ್ಲಿ ಒಂದು ಮಸುಕು ಬಂದು ನಿಂತಿತು, ಅದರೊಳಗಿನಿಂದ ಹಾಲು ಸುರಿಯಿತು, ಮಸುಕು ಸರಿದು ಹೋಯಿತು. ತಂಗಿ ನೆಲ ನೋಡುತ್ತಿದ್ದಳು. ಅವಳ ಗಂಡ ಟಿವಿ ಕೆಟ್ಟಿದೆಯೇನೋ ಎಂಬಂತೆ ರಿಮೋಟ್ ಒತ್ತಿದ.

ಅಮ್ಮ ಅವನನ್ನೂ ನೋಡಲಿಲ್ಲ, ಮಗಳನ್ನೂ ನೋಡಲಿಲ್ಲ. ಊರಿನವರ ವಿಡಿಯೋಗಳಿಗೆ ನಾನು ಮಾಡುವ ಕೆಲಸ ಅವಳಿಗೆ ಚೆನ್ನಾಗಿ ಗೊತ್ತು. ನನ್ನ ಕಡೆಗೇ ತಿರುಗಿದಳು.

"ನಿಮ್ಮಪ್ಪ ಹೋದಾಗ ಬಳೆ ಒಡದ್ರು ಕಣ್ಲಾ, ಅಷ್ಟೇಯ. ಕೈನ ಹಂಗೇ ಬುಟ್ಟಿದ್ರು. ನೀನು ಕೈನೇ ತಗ್ದುಬುಟ್ಟೆ."

ಹಾಲು ಕರೆಯುವ ಹೊತ್ತಾಗಿತ್ತು. ಮೊಣಕಾಲಿಗೆ ಕೈಯೂರಿ ಎದ್ದು, ಕೊಟ್ಟಿಗೆಗೆ ಹೋದಳು.