ತಂಟೆಯ ಹೊಲದಲ್ಲಿ ಗಾಲ್ಫ್

ಹೋದ ವಾರ ಕಮಲಾಪುರದಿಂದ ತೊಗರಿಬೇಳೆಯ ಚೀಲ ಬಂತು. ಪ್ರತಿ ವರ್ಷ ಬರುತ್ತದೆ. ಅಲ್ಲಿ ಬಸ್ಸಿಗೆ ಹಾಕಿ ಫೋನ್ ಮಾಡುತ್ತಾರೆ, ನಾನು ಕಲಬುರಗಿಯ ಬಸ್‌ಸ್ಟ್ಯಾಂಡಿಗೆ ಹೋಗಿ ಇಳಿಸಿಕೊಳ್ಳುತ್ತೇನೆ. ಈ ಸಲ ನನ್ನ ಹೆಂಡತಿ ಬೇಳೆಯನ್ನು ಡಬ್ಬಿಗೆ ಸುರಿಯುತ್ತಿದ್ದಾಗ ಅದರ ಜೊತೆಗೆ ಒಂದು ಚೆಂಡು ಉರುಳಿಬಿತ್ತು. ಲಿಂಬೆಹಣ್ಣಿನಷ್ಟು ಗಾತ್ರ, ಮೈತುಂಬ ಸಣ್ಣ ಸಣ್ಣ ಕುಳಿ, ಕುಳಿಗಳಲ್ಲೆಲ್ಲ ಕರಿಮಣ್ಣು.

"ಇದೇನ್ರಿ ಇದು?" ಎಂದಳು. ಗಾಲ್ಫ್ ಚೆಂಡು ಎಂದೆ. ಅವಳು ಚೆಂಡು ಕೈಗೆತ್ತಿಕೊಂಡು, "ಅಂದ್ರ ಖರೇನೇ ಆಡ್ತಿದ್ರಿ?" ಎಂದಳು. ಕಮಲಾಪುರದಲ್ಲಿ ನೌಕರಿ ಮಾಡುವಾಗ ನಾನು ಗುರುವಾರ ಮನೆಗೆ ತಡವಾಗಿ ಬರುತ್ತಿದ್ದೆ. ಗಾಲ್ಫ್ ಆಡಿ ಬಂದೆ ಎನ್ನುತ್ತಿದ್ದೆ. ಕಮಲಾಪುರದಲ್ಲಿ ಗಾಲ್ಫ್ ಎಂದರೆ ಯಾವ ಹೆಂಡತಿ ನಂಬಿಯಾಳು? ನೀವಾದರೂ ನಂಬುತ್ತಿರಲಿಲ್ಲ. ಆ ಊರಿಗೆ ಹೆಸರು ತಂದ ಕೆಂಪು ಬಾಳೆಹಣ್ಣು ತಿಂದು ಬಂದೆ ಎಂದಿದ್ದರೆ ನಂಬಿಕೆಗೆ ಅರ್ಹವಾದ ಸುಳ್ಳಾದರೂ ಆಗುತ್ತಿತ್ತು. ಇಷ್ಟು ವರ್ಷಗಳ ಮೇಲೆ ಸಾಕ್ಷಿ ತಾನಾಗಿ ಬೇಳೆಯ ಚೀಲದಲ್ಲಿ ಬಂದಿದೆ.

ಆಗ ನಾನು ಕಮಲಾಪುರದ ಒಂದು ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ದಿನಾ ಕಲಬುರಗಿಯಿಂದ ಬಸ್ಸಿನಲ್ಲಿ ಹೋಗಿಬರುವುದು, ನಡುದಾರಿಯ ಮಹಾಗಾಂವ ಬರುವವರೆಗೆ ನಿದ್ದೆ, ಆಮೇಲೆ ಎಚ್ಚರ. ಕಚೇರಿಯ ಎದುರಿಗೆ ಖಾಜಾಭಾಯಿಯ ಮೋಟಾರ್ ವೈಂಡಿಂಗ್ ಅಂಗಡಿ. ಆತ ಕೆಲವು ವರ್ಷ ಗಲ್ಫಿನಲ್ಲಿದ್ದು, ಒಂದು ಗಾಲ್ಫ್ ಮೈದಾನದ ನೀರಿನ ಪಂಪು ನೋಡಿಕೊಳ್ಳುತ್ತಿದ್ದವನು. ಬರುವಾಗ ಎಲ್ಲರೂ ಕಂಬಳಿ, ಅತ್ತರು, ಟೇಪ್‌ರೆಕಾರ್ಡರ್ ತಂದರೆ ಈತ ಅಲ್ಲಿ ಯಾರೋ ಎಸೆದ ನಾಲ್ಕು ಗಾಲ್ಫ್ ಕೋಲು, ಒಂದು ಚೀಲ ಹಳೇ ಚೆಂಡು ತಂದಿದ್ದ. ಮನೆಯವರು ಏನೆಂದರೋ ಅವನು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಕೋಲಿತ್ತು, ಚೆಂಡಿತ್ತು, ಜಾಗ ಬೇಕಿತ್ತು. ಊರ ಹೊರಗೆ ಒಂದು ಹೊಲ ಬಹಳ ದಿನದಿಂದ ಬೀಳು ಬಿದ್ದಿತ್ತು. ಮಲ್ಲಣ್ಣ, ಶರಣಪ್ಪ ಎಂಬ ಅಣ್ಣತಮ್ಮಂದಿರು ಪಾಲಾದಾಗ ಆ ಹೊಲ ಯಾರಿಗೆ ಎಂಬುದು ಬಗೆಹರಿದಿರಲಿಲ್ಲ. ಒಬ್ಬ ನೇಗಿಲು ತಂದರೆ ಇನ್ನೊಬ್ಬ ಎತ್ತಿನ ಮುಂದೆ ನಿಲ್ಲುವನು. ಕೊನೆಗೆ ಇಬ್ಬರೂ ಬಿತ್ತುವುದು ಬಿಟ್ಟರು, ಒಬ್ಬರಿಗೊಬ್ಬರು ಮಾತಾಡುವುದನ್ನೂ ಬಿಟ್ಟರು. ಖಾಜಾಭಾಯಿ ಬೇರೆ ಬೇರೆಯಾಗಿ ಹೋಗಿ ಇಬ್ಬರನ್ನೂ ಕೇಳಿದ. ಇಬ್ಬರೂ ಬೇರೆ ಬೇರೆಯಾಗಿ "ಆಡ್ಕೋರಿ, ಹೊಲ ನಂದೇ ಅದ" ಎಂದರು.

ಬಣ್ಣದ ಖಾಲಿ ಡಬ್ಬಿಗಳನ್ನು ನೆಲದಲ್ಲಿ ಹೂಳಿ ಚೆಂಡು ಬೀಳುವ ಕುಣಿ ಮಾಡಿದೆವು. ಗುರುವಾರ ಕಚೇರಿ ಬಿಟ್ಟ ಮೇಲೆ ಆಟ ಎಂದು ಗೊತ್ತು ಮಾಡಿಕೊಂಡೆವು. ಮೊದಲ ಗುರುವಾರವೇ ಮಲ್ಲಣ್ಣ ಬಂದು ಬದುವಿನ ಮೇಲೆ ಕೂತ. ಅವನು ಕೂತದ್ದು ಕಂಡು ಶರಣಪ್ಪ ಬಂದು ಆ ಕಡೆಯ ಬದುವಿನ ಮೇಲೆ ಕೂತ. ಆಟ ನೋಡಲು ಬಂದವರಲ್ಲ ಇವರು. ಹೊಲದಲ್ಲಿ ಅಣ್ಣನೊಬ್ಬನೇ ಕಂಡರೆ ಹೊಲ ಅಣ್ಣನದಾಯಿತು ಎಂದು ತಮ್ಮನಿಗೆ ಅಂಜಿಕೆ, ತಮ್ಮನೊಬ್ಬನೇ ಕಂಡರೆ ಅಣ್ಣನಿಗೆ. ಹಾಗೆ ಕಾವಲು ಕೂತು ಕೂತು ಬೇಜಾರಾಗಿ ಒಂದು ದಿನ ಮಲ್ಲಣ್ಣ "ಕೊಡ್ರಿ ಇಲ್ಲಿ" ಎಂದು ಕೋಲು ಇಸಿದುಕೊಂಡ. ಅಣ್ಣ ಹೊಡೆದ ಮೇಲೆ ತಮ್ಮ ಸುಮ್ಮನಿರುತ್ತಾನೆಯೇ? ನಾಲ್ಕು ಕೋಲಿಗೆ ನಾಲ್ಕು ಜನ ಸರಿಹೋದೆವು.

ನಮ್ಮ ಆಟವನ್ನು ಖರೇ ಗಾಲ್ಫಿನವರು ನೋಡಿದ್ದರೆ ನಕ್ಕು ಸಾಯುತ್ತಿದ್ದರು. ಅಲ್ಲಿ ಹಸಿರು ಹುಲ್ಲಂತೆ. ನಮ್ಮದು ಎರೆಭೂಮಿ. ಬೇಸಿಗೆಯಲ್ಲಿ ಬಿರುಕು ಬಿಟ್ಟರೆ ಕೋಲು ಹೋಗಿ ಕೋಲಿನ ಹಿಡಿಯೂ ಹೋಗುವಷ್ಟು ಆಳ. ಬಿರುಕಿಗೆ ಬಿದ್ದ ಚೆಂಡನ್ನು ಮೊಣಕೈ ಮುಳುಗುವ ತನಕ ಹುಡುಕಬಹುದು, ಅದಕ್ಕೂ ಕೆಳಗೆ ಹೋದರೆ ಚೇಳಿನ ಪಾಲು ಎಂದು ಖಾಜಾಭಾಯಿ ಕಾನೂನು ಮಾಡಿದ್ದ. ಅವನ ಇನ್ನೊಂದು ಕಾನೂನು, ತನ್ನ ಹೊಡೆತಗಳ ಲೆಕ್ಕ ತಾನು ಹೇಳುವಂತಿಲ್ಲ, ಎದುರಾಳಿ ಹೇಳಬೇಕು. ಕಮ್ಮಿ ಹೊಡೆತದಲ್ಲಿ ಚೆಂಡು ಕುಣಿಗೆ ಹಾಕಿದವನು ಗೆದ್ದ ಹಾಗೆ. ಅಣ್ಣತಮ್ಮಂದಿರು ಎದುರಾಳಿಗಳಾಗುತ್ತಿದ್ದರು, ಬೇರೆಯವರ ಜೊತೆ ಆಡಲು ಇಬ್ಬರೂ ಒಪ್ಪುತ್ತಿರಲಿಲ್ಲ. ಮಾತು ಮಾತ್ರ ನನ್ನ ಮೂಲಕ.

"ಸಾಹೇಬ್ರ, ಅವ್ರಿಗಿ ಹೇಳ್ರಿ, ಆರು ಆಗ್ಯಾವ."

ನಾನು ಎರಡು ಮಾರು ಆಚೆ ನಿಂತ ಶರಣಪ್ಪನಿಗೆ ಹೇಳುವೆ. ಅವನು ಕೇಳಿಸಿಕೊಂಡೇ ಇರುತ್ತಿದ್ದ, ಆದರೂ ನಾನು ಹೇಳುವ ತನಕ ತಲೆಯಾಡಿಸುತ್ತಿರಲಿಲ್ಲ. ಆಟದಲ್ಲಿ ಎಲ್ಲರಿಗಿಂತ ಹಿಂದೆ ಇದ್ದ ನನಗೆ ಆ ಹೊಲದಲ್ಲಿ ಅದೊಂದೇ ಮರ್ಯಾದೆಯ ಹುದ್ದೆ. ನಿಜ ಹೇಳಬೇಕೆಂದರೆ ನನಗದು ಇಷ್ಟವೂ ಆಗಿತ್ತು.

ಹೀಗೆ ನಡೆದಿರುವಾಗ ಒಂದು ಬೇಸಿಗೆ ಮಲ್ಲಣ್ಣನ ಮಗಳ ಲಗ್ನ ನಿಶ್ಚಯವಾಯಿತು. ಆ ಹುಡುಗಿ ಸಣ್ಣಾಕಿ ಇದ್ದಾಗ ಶರಣಪ್ಪನ ಹೆಗಲ ಮೇಲೆಯೇ ಬೆಳೆದವಳು. ಕಾಕಾ ಬರದಿದ್ದರೆ ಅರಿಶಿಣಕ್ಕೆ ಕೂಡುವುದಿಲ್ಲ ಎಂದು ಹಟ ಹಿಡಿದಳು. ಆ ಕಡೆ ಅಣ್ಣತಮ್ಮಂದಿರ ಮನೆಗೆ ಕಾರ್ಡು ಕಳಿಸಿದರೆ ಕರೆದಂತಲ್ಲ, ಮನೆಯ ಹಿರಿಯನೇ ಬಾಯಿಬಿಟ್ಟು ಬಾ ಎನ್ನಬೇಕು. ಮಲ್ಲಣ್ಣ ನನ್ನನ್ನು ಪಕ್ಕಕ್ಕೆ ಕರೆದ.

"ನೀವೇ ಒಂದ್ ಮಾತ್ ಹೇಳ್ರಿ ಸಾಹೇಬ್ರ. ನನ್ನ ಬಾಯಿಲೆ ಆಗಂಗಿಲ್ಲ."

ಲೆಕ್ಕ ಹೇಳಿದಷ್ಟೇ ಸಲೀಸಾಗಿ ನಾನು ಇದನ್ನೂ ಹೇಳಿದೆ. ಶರಣಪ್ಪ ಚೆಂಡು ಒರೆಸುತ್ತ, "ನೀವು ಕರದ್ರ ನಿಮ್ಮ ಮಗಳ ಲಗ್ನಕ್ಕ ಬರ್ತೀನ್ರಿ" ಎಂದ. ನನ್ನ ಹುದ್ದೆಯ ಬೆಲೆ ಅಂದು ಗೊತ್ತಾಯಿತು.

ಭಾನುವಾರ ಲಗ್ನ, ಇದು ಅದರ ಮುಂಚಿನ ಗುರುವಾರ. ಇಬ್ಬರೂ ಬಂದಿದ್ದರು, ಇಬ್ಬರ ಮುಖವೂ ಸರಿಯಿರಲಿಲ್ಲ. ಮಲ್ಲಣ್ಣನ ಚೆಂಡು ಬಿರುಕಿಗೆ ಬಿತ್ತು, ಅವನು ಹುಡುಕಲೂ ಇಲ್ಲ. ಕೊನೆಯ ಕುಣಿಯಲ್ಲಿ ಶರಣಪ್ಪ ಬಡಿದದ್ದೇ ಬಡಿದದ್ದು, ಚೆಂಡು ಡಬ್ಬಿಯ ಸುತ್ತ ತಿರುಗಿತೇ ಹೊರತು ಒಳಗೆ ಹೋಗಲೊಲ್ಲದು. ಅಂತೂ ಹೋಯಿತು. ಮಲ್ಲಣ್ಣ ಆಕಾಶ ನೋಡಿಕೊಂಡು ಹೇಳಿದ.

"ಅವ್ರಿಗಿ ಹೇಳ್ರಿ ಸಾಹೇಬ್ರ, ಐದು."

ನಾವೆಲ್ಲ ನೋಡಿದ್ದೆವು, ಏಳು. ಶರಣಪ್ಪ ನನ್ನ ಕಡೆ ತಿರುಗಿ, "ಏಳು ಅಂತ ಹೇಳ್ರಿ" ಎಂದ. ನಾನು ಬಾಯಿ ತೆರೆಯುವಷ್ಟರಲ್ಲಿ ಖಾಜಾಭಾಯಿ ನನ್ನ ತೋಳು ಹಿಡಿದು ಜಗ್ಗಿದ. "ಚುಪ್ ಸಾಬ್" ಎಂದ ಮೆಲ್ಲಗೆ. ಇಬ್ಬರೂ ನನ್ನ ಬಾಯಿಯನ್ನೇ ನೋಡುತ್ತ ನಿಂತರು. ನಾನು ನನ್ನ ಚಪ್ಪಲಿ ನೋಡುತ್ತ ನಿಂತೆ. ಹೊತ್ತು ಮುಳುಗುತ್ತಿತ್ತು.

"ಏಳು ಹೊಡ್ದೀನಿ. ನನಗೂ ಲೆಕ್ಕ ಬರ್ತದ" ಎಂದ ಶರಣಪ್ಪ ಕೊನೆಗೆ, ನೇರವಾಗಿ.

"ನಾ ಐದು ನೋಡೀನಿ."

"ಕಣ್ಣು ಹೋಗ್ಯಾವ ಏನೋ ಅಣ್ಣಾ ನಿನ್ನವು?"

ಅಣ್ಣಾ ಎಂದದ್ದು ಅವನಿಗೇ ಗೊತ್ತಾಗಲಿಲ್ಲ, ನಮಗೆ ಗೊತ್ತಾಯಿತು. ಮಲ್ಲಣ್ಣ ಕೋಲು ಊರಿಕೊಂಡು ಅಲ್ಲೇ ಕೂತುಬಿಟ್ಟ. "ಹೋಗ್ಯಾವಪಾ" ಎಂದ. ಕೋಲಿನ ತುದಿಯಿಂದ ಮಣ್ಣು ಕೆದರುತ್ತ, "ಐತಾರ ಲಗ್ನ ಅದ. ಬಾ" ಎಂದ.

"ಮೊದಲ ಏಳು ಅನ್ನು. ಬರ್ತೀನಿ."

"ಏಳು" ಎಂದ ಮಲ್ಲಣ್ಣ. ಖಾಜಾಭಾಯಿ ಡಬ್ಬಿಯೊಳಗಿನ ಚೆಂಡು ತೆಗೆಯಲು ಬೇಕಾದ್ದಕ್ಕಿಂತ ಬಹಳ ಹೊತ್ತು ತೆಗೆದುಕೊಂಡ.

ಲಗ್ನದಲ್ಲಿ ಶರಣಪ್ಪನೇ ಹೆಗಲ ಮೇಲೆ ಟವೆಲ್ ಹಾಕಿಕೊಂಡು ಪಂಕ್ತಿಯಲ್ಲಿ ಹುಗ್ಗಿ ಬಡಿಸಿದ, ನನಗೆ ಎರಡು ಸಲ. ಮಳೆ ಬಿದ್ದ ಮೇಲೆ ಬಂದ ಮೊದಲ ಗುರುವಾರ ಖಾಜಾಭಾಯಿಯೂ ನಾನೂ ಕೋಲು ಹಿಡಿದು ಹೋದೆವು. ಅಣ್ಣತಮ್ಮಂದಿರು ಒಂದೇ ಟ್ರ್ಯಾಕ್ಟರಿನಲ್ಲಿ ಹೊಲ ಹೊಡೆಸುತ್ತಿದ್ದರು. ಕಿತ್ತುಹಾಕಿದ ನಮ್ಮ ಡಬ್ಬಿಗಳು ಬದುವಿನ ಮೇಲೆ ಸಾಲಾಗಿ ಕೂತಿದ್ದವು. ತೊಗರಿ ಬಿತ್ತುತ್ತಾರಂತೆ, ಇಬ್ಬರಿಗೂ ಅರ್ಧರ್ಧ.

"ಝಗಡಾ ಖಲಾಸ್ ಸಾಬ್" ಎಂದ ಖಾಜಾಭಾಯಿ. "ಗಾಲ್ಫ್ ಭೀ ಖಲಾಸ್."

ಅವರ ತಂಟೆಯಿಂದ ಲಾಭ ಮಾಡಿಕೊಂಡವರು ಲೋಕದಲ್ಲಿ ನಾವಿಬ್ಬರೇ. ಬಸ್‌ಸ್ಟ್ಯಾಂಡಿನವರೆಗೆ ಕೋಲು ಹೆಗಲ ಮೇಲೆ ಹೊತ್ತು ನಡೆದೆವು. ಒಳ್ಳೆಯದಾಯಿತು ಎಂದು ಬಾಯಲ್ಲಿ ಎಲ್ಲರಿಗೂ ಹೇಳಿದೆ, ಒಳಗೆ ನನ್ನ ಗುರುವಾರ ಹೋಯಿತಲ್ಲ ಎಂಬ ಸಿಟ್ಟು ಬಹಳ ದಿನ ಇತ್ತು. ಆಮೇಲೆ ಕಲಬುರಗಿಗೇ ವರ್ಗವಾಯಿತು, ನಿವೃತ್ತಿಯೂ ಆಯಿತು. ಆ ಹೊಲದ ಬೇಳೆಯನ್ನು ಅಣ್ಣತಮ್ಮಂದಿರು ಕಳಿಸುತ್ತಿದ್ದರು, ತಿನ್ನುತ್ತಿದ್ದೆ, ಆ ಕಡೆ ಹೋಗುತ್ತಿರಲಿಲ್ಲ.

ಈಗ ಬಂದ ಚೆಂಡು ಮಲ್ಲಣ್ಣ ಅಂದು ಕಳೆದುಕೊಂಡದ್ದೇ ಎಂದು ನನ್ನ ಮನಸ್ಸು ಹೇಳುತ್ತದೆ. ಆ ನೆಲ ನುಂಗಿದ ಚೆಂಡುಗಳಿಗೆ ಲೆಕ್ಕವಿಲ್ಲ, ಹಾಗಾಗಿ ಮನಸ್ಸಿನ ಮಾತು ಬಿಡಿ. ಈಚೆಗೆ ನನಗೆ ಹಿಮ್ಮಡಿ ನೋವು. ಗುಂಡಗಿನದೇನಾದರೂ ಕಾಲಡಿ ಇಟ್ಟು ಉರುಳಿಸಿ ಎಂದು ಡಾಕ್ಟರು ಹೇಳಿದ್ದರು. ಚೆಂಡು ತೊಳೆದು, ಕುರ್ಚಿಯಲ್ಲಿ ಕೂತು, ಹಿಮ್ಮಡಿಯ ಕೆಳಗೆ ಉರುಳಿಸುತ್ತ ಕಮಲಾಪುರಕ್ಕೆ ಫೋನ್ ಹಚ್ಚಿದೆ.

"ಚೆಂಡು ಮುಟ್ತೇನ್ರಿ ಸಾಹೇಬ್ರ?" ಮಲ್ಲಣ್ಣನ ದನಿ. "ಹೊಲದಾಗ ಕುಂಟಿ ಹೊಡಿಯೂ ಮುಂದ ಮಣ್ಣಾಗ ಸಿಕ್ತು. ತೊಗರಿ ಕೊಯ್ದೇವಿ, ಮಳಿಗಾಲದ ತನಕ ಹೊಲ ಖಾಲಿನೇ ಅದ. ಖಾಜಾಭಾಯಿ ಡಬ್ಬಿ ಹುಡುಕ್ಲಾಕತ್ತಾನ. ಗುರುವಾರ ಬರ್ರಿ."

ಪ್ರತಿ ಬೇಸಿಗೆ ಆ ಹೊಲ ಖಾಲಿಯೇ ಇರುತ್ತಿತ್ತು ಎಂಬುದು ನನಗೆ ಇಷ್ಟು ವರ್ಷ ಹೊಳೆದಿರಲಿಲ್ಲ ನೋಡಿ.

ಅಷ್ಟರಲ್ಲಿ ಹಿಂದಿನಿಂದ ಶರಣಪ್ಪ, ಗುರುವಾರ ಬೇಡ, ಅಂದು ತನಗೆ ಕೆಲಸವಿದೆ ಎಂದ. ಏನು ಕೆಲಸ ಎಂದ ಮಲ್ಲಣ್ಣ. ಫೋನ್ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಯಿತು, ಮತ್ತೆ ಬಂತು. ಅಂದು ಹೊಡೆದದ್ದು ಐದೋ ಏಳೋ ಎಂಬುದೂ ನಡುವೆ ಎದ್ದಿತು. ನಾನು ಎರಡು ಸಲ ಹಲೋ ಎಂದೆ. ಒಂದು ಕಾಲಕ್ಕೆ ಅವರ ನಡುವಿನ ಪ್ರತಿ ಮಾತನ್ನೂ ಹೊತ್ತು ತಿರುಗಿದ ನನಗೆ ಒಂದು ಮಾತಾಡಲು ಸಂದು ಸಿಗಲಿಲ್ಲ. ಫೋನನ್ನು ಕಿವಿಗೆ ಹಿಡಿದುಕೊಂಡೇ ಕೂತೆ, ಇಡಲು ಮನಸ್ಸಾಗಲಿಲ್ಲ.