ಹೊರಗೆ ಬೆಚ್ಚಗಿರಬೇಕು

ತಿಪ್ಪೇಸ್ವಾಮಿ ಸಾರ್ ಯಾವುದನ್ನೂ ಅಂಗೈಯಿಂದ ಮುಟ್ಟಿ ನೋಡಿದವರಲ್ಲ. ಪೈಪಾಗಲಿ, ಕ್ಯಾಂಟೀನಿನ ಚಹಾ ಲೋಟವಾಗಲಿ, ಮೊದಲು ಕೈಯ ಹಿಂಬದಿ ತಾಗಿಸುವರು, ತಾಯಿ ಮಗುವಿನ ಜ್ವರ ನೋಡುವ ಹಾಗೆ. ಚಹಾ ಆರಿದ್ದರೆ, "ಇದನ್ನ ನಮ್ಮ ಮಷೀನಿಗೆ ಹಾಕ್ರಿ, ಖರ್ಚು ಉಳೀತೈತಿ" ಎಂದು ವಾಪಸು ಕಳಿಸುವರು. ಜಗತ್ತಿನ ಕಡು ಚಳಿಯನ್ನು ಪಳಗಿಸಿದ ಈ ಮನುಷ್ಯನಿಗೆ ಫ್ಯಾನಿನ ಗಾಳಿ ಆಗುತ್ತಿರಲಿಲ್ಲ. ಬೇಸಿಗೆಯಲ್ಲೂ ತಲೆಗೆ ಮಂಕಿ ಕ್ಯಾಪ್.

ನಮ್ಮದು ಸೂರ್ಯನೊಳಗೆ ನಡೆಯುವುದನ್ನು ಉಕ್ಕಿನ ಪಾತ್ರೆಯೊಳಗೆ ನಡೆಸಲು ಹೊರಟ ಪ್ರಯೋಗಾಲಯ. ನಡೆದರೆ ಊರಿಗೆಲ್ಲ ಕರೆಂಟು. ಯಾವಾಗ ಎಂದು ಮಾತ್ರ ಕೇಳಬಾರದು. ನಾನು ಸೇರಿದಾಗಲೂ "ಇನ್ನೇನು" ಎನ್ನುತ್ತಿದ್ದರು, ಈಗಲೂ ಅನ್ನುತ್ತಾರೆ. ಆ ಬೆಂಕಿಯನ್ನು ಹಿಡಿದಿಡುವ ಆಯಸ್ಕಾಂತವನ್ನು ದ್ರವ ಹೀಲಿಯಂ ಹರಿಸಿ ತಣ್ಣಗಿಡಬೇಕು. ಆ ಚಳಿಯ ಯಜಮಾನರೇ ಹಿರಿಯ ಕ್ರಯೋಜೆನಿಕ್ಸ್ ಎಂಜಿನಿಯರ್ ತಿಪ್ಪೇಸ್ವಾಮಿ, ರಾಯದುರ್ಗದವರು. ಅವರ ಕೈಕೆಳಗಿದ್ದ ನಾನು ಮಡಕಶಿರದವಳು. ನನ್ನ ಹೆಸರು ಅವರ ಬಾಯಲ್ಲಿ ಬಂದದ್ದೇ ಇಲ್ಲ; "ಏನ್ರಿ ಮಡಕಶಿರ" ಎನ್ನುವರು. ಗೇಟಿನ ನಾಯಿಗೂ "ಅತ್ತಾಗ ಸರೀರಿ" ಎಂದು ಮರ್ಯಾದೆ ಕೊಡುವ ಜನ.

ಸೇರಿದ ಹೊಸದರಲ್ಲಿ ಒಂದು ಪೈಪಿನ ಮೇಲೆ ಬೆಳ್ಳಗೆ ಹಿಮ ಕಟ್ಟಿದ್ದು ಕಂಡು, "ಎಷ್ಟು ಚೆಂದಾಗೈತೆ ಸಾರ್!" ಎಂದೆ. ಅವರು ಹಾವು ಕಂಡವರಂತೆ ನಿಂತರು.

"ಚೆಂದ ಅಲ್ರಿ, ರೋಗ ಅದು. ಥರ್ಮಾಸ್ ಹಂಗ ಎರಡು ಗ್ವಾಡಿ ಅದಾವ, ನಡುವ ಗಾಳಿ ಇರಬಾರದು. ಗಾಳಿ ಹೊಕ್ಕರ ಒಳಗಿನ ಚಳಿ ಹೊರಗ ಬರ್ತೈತಿ. ಹೊರಗ ಬೆಚ್ಚಗಿದ್ರ ಒಳಗ ಎಲ್ಲಾ ಸರಿ ಐತಿ ಅಂತ ತಿಳ್ಕೋರಿ."

ಅವರಿಗೊಂದೇ ಆಸೆ: ಹೊಸ ದೊಡ್ಡ ಆಯಸ್ಕಾಂತ ತಣ್ಣಗಾಗುವುದನ್ನು ನೋಡಿಯೇ ನಿವೃತ್ತಿಯಾಗಬೇಕು. ಅದಕ್ಕಾಗಿ ಸೇವೆ ಮುಂದುವರಿಸಿ ಎಂದು ಕೇಳಿಕೊಂಡಿದ್ದರು. ಆ ಹೊತ್ತಿಗೇ ದಿಲ್ಲಿಯಿಂದ ದೊಡ್ಡವರೊಬ್ಬರು ಬರುವ ಸುದ್ದಿ ಬಂತು. ಅವರು ಬರುವಷ್ಟರಲ್ಲಿ ಆಯಸ್ಕಾಂತ ತಣ್ಣಗಾಗಿರಲಿ ಎಂದು ನಿರ್ದೇಶಕರು ಅಪ್ಪಣೆ ಕೊಡಿಸಿದರು, ಮದುವೆಮನೆಗೆ ಐಸ್‌ಕ್ರೀಮ್ ಹೇಳುವಷ್ಟು ಸಲೀಸಾಗಿ.

ಸಾರ್ ಮನೆತನ ರಾಯದುರ್ಗದಲ್ಲಿ ಜೀನ್ಸ್ ಹೊಲಿಸುವ ಮನೆತನ. ನಿರ್ದೇಶಕರ ಕೋಣೆಗೆ ಹೋಗಿ ಆ ಲೆಕ್ಕದಲ್ಲೇ ಹೇಳಿದರು: "ಹೊಸಾ ಬಟ್ಟಿ ನೀರಿಗೆ ಹಾಕಿದ್ರ ಕುಗ್ತೈತಿ. ಒಂದು ಬಟ್ಟಿ ಹೆಚ್ಚು, ಒಂದು ಕಡಿಮಿ. ಲೋಹನೂ ಚಳಿಗೆ ಹಂಗ ರೀ. ಅವಸರ ಮಾಡಿದ್ರ ಹೊಲಿಗಿ ಬಿಚ್ಚತೈತಿ."

ನಿರ್ದೇಶಕರು ನಕ್ಕು, "ನಿಮ್ಮ ಅರ್ಜಿ ನನ್ನ ಮೇಜಿನ ಮೇಲೇ ಇದೆಯಲ್ಲವೇ?" ಎಂದರು. ಇಷ್ಟು ಸುಸಂಸ್ಕೃತವಾಗಿ ಬೆದರಿಸುವುದನ್ನು ಕಲಿಯಲು ಎಷ್ಟು ಓದಬೇಕೋ!

"ಹರಿದಿದ್ದನ್ನ ನೋಡೋದಕ್ಕಿಂತ ನೋಡದ ಹೋಗೋದು ಚಲೋರಿ" ಎಂದು ಸಾರ್ ಎದ್ದು ಬಂದರು. ದಿಲ್ಲಿಯವರು ಬರುವ ದಿನ ನನಗೆ ಒಂದು ಬಕೆಟ್ ಬಿಸಿನೀರು ತರಲು ಹೇಳಿದರು.

ದೊಡ್ಡವರು ಬಾಗಿಲಿಗೆ ಬರುತ್ತಲೇ ಸಾರ್ ಆ ಬಕೆಟ್ಟಿಗೆ ದ್ರವ ಸಾರಜನಕ ಸುರಿದರು. ಮೋಡದಂತೆ ಬಿಳಿ ಹೊಗೆ ಎದ್ದಿತು. ಚಪ್ಪಾಳೆಯೋ ಚಪ್ಪಾಳೆ. ಅತಿಥಿಗಳು ಹೊಗೆಯ ನಡುವೆ ನಿಂತು ಫೋಟೊ ತೆಗೆಸಿಕೊಂಡು, ಇನ್ನೂ ತಣಿಯದ ಯಂತ್ರದ ಕಡೆ ತಿರುಗಿಯೂ ನೋಡದೆ ಊಟಕ್ಕೆ ಹೋದರು. ಮರುದಿನ ಪತ್ರಿಕೆಯಲ್ಲಿ "ಭೂಮಿಗಿಳಿದ ಸೂರ್ಯ" ಎಂಬ ತಲೆಬರಹದ ಕೆಳಗೆ ನಮ್ಮ ಬಾತ್‌ರೂಮಿನ ಬಕೆಟ್ ಇತ್ತು. ನಿರ್ದೇಶಕರಿಗೆ ಶಾಲು, ಹಾರ. ಸಾರ್ ಅರ್ಜಿ ಮೇಜಿನ ಮೇಲೇ ಉಳಿಯಿತು; ಗೊತ್ತಾಗಿದ್ದ ದಿನಕ್ಕೇ ನಿವೃತ್ತಿ. ನನಗೆ ಅಂದು ಬಂದ ಸಿಟ್ಟು ಇಂದಿಗೂ ಇಳಿದಿಲ್ಲ.

ಆಮೇಲೆ ಸಾರ್ ಹೇಳಿದ್ದ ನಿಧಾನದಲ್ಲೇ ಆಯಸ್ಕಾಂತವನ್ನು ತಣಿಸಿದೆವು. ಸುದ್ದಿ ಹೇಳಲು ರಾಯದುರ್ಗಕ್ಕೆ ಹೋದೆ. ಸಾರ್ ಜ್ವರದಲ್ಲಿ ಮಲಗಿದ್ದರು. ಕಾಯಿಲೆ ದೊಡ್ಡದೆಂದು ಅವರ ಹೆಂಡತಿ ಬಾಗಿಲಲ್ಲೇ ಹೇಳಿದ್ದರು.

"ತಣ್ಣಗಾಯ್ತು ಸಾರ್. ಹೊರಗೆ ಮುಟ್ಟಿ ನೋಡ್ದೆ, ಬೆಚ್ಚಗೈತೆ."

"ಬಿರುಕು?"

"ಒಂದೂ ಇಲ್ಲ ಸಾರ್."

ಅವರು ಕಣ್ಣು ಮುಚ್ಚಿಕೊಂಡು ಬಹಳ ಹೊತ್ತು ನಕ್ಕರು. ಆಮೇಲೆ ನನ್ನ ಕೈ ಹಿಡಿದು, ಅದರ ಹಿಂಬದಿಯನ್ನು ತಮ್ಮ ಹಣೆಗೆ ಒತ್ತಿಕೊಂಡರು. "ಇದನ್ನೂ ನೋಡ್ರಿ ಮಡಕಶಿರ. ಬೆಚ್ಚಗೈತಲ್ಲ? ಅಂದ್ರ ಒಳಗ ಎಲ್ಲಾ ಸರಿ ಐತಿ."

ಹಣೆ ಕೆಂಡವಾಗಿತ್ತು. "ಹೂಂ ಸಾರ್, ಎಲ್ಲಾ ಸರಿಯಾಗೈತೆ" ಎಂದೆ.

ಮತ್ತೊಮ್ಮೆ ಹೋದಾಗ ಅವರನ್ನು ಹೂವಿನ ನಡುವೆ ಕೂರಿಸಿದ್ದರು. ಮಂಕಿ ಕ್ಯಾಪ್ ತೆಗೆದು ವಿಭೂತಿ ಹಚ್ಚಿದ್ದರು. ಬಂದವರೆಲ್ಲ ಪಾದ ಮುಟ್ಟಿದರು. ನಾನು ಕೈಯ ಹಿಂಬದಿಯನ್ನು ಹಣೆಗೆ ತಾಗಿಸಿದೆ.

ಹೊರಗೆ ತಣ್ಣಗಿತ್ತು.