ಖಣಿಗೆ ಬಿದ್ದ ಅಂಬಾಸಿಡರ್

ಸಿನಿಮಾದಲ್ಲಿ ಕಾರು ಹಾರಿ ಬಿದ್ದು ಪುಡಿಪುಡಿಯಾದರೆ ಜನ ಸಿಳ್ಳೆ ಹಾಕುತ್ತಾರೆ. ನಾನೂ ಹಾಕಿದವನೇ. ಬೈಲಹೊಂಗಲದ ಟಾಕೀಸಿನಲ್ಲಿ ಮುಂದಿನ ಸಾಲಿಗೆ ಕುಳಿತು ಗಂಟಲು ಹರಿಯುವಂತೆ ಕೂಗಿದವನೇ. ಆ ಕಾರು ಒಂದು ಕಾಲಕ್ಕೆ ಯಾರದೋ ಮನೆಯ ಮುಂದೆ ನಿಲ್ಲುತ್ತಿತ್ತು, ಯಾರೋ ಅದನ್ನು ದಿನಾ ಒರೆಸುತ್ತಿದ್ದರು ಎಂಬುದು ನೇಸರಗಿಯಲ್ಲಿ ಗ್ಯಾರೇಜು ಇಟ್ಟುಕೊಂಡ ನನಗೂ ಹೊಳೆದಿರಲಿಲ್ಲ. ಹೊಳೆಯಲು ನನಗೆ ಕೆಲಸ ಕಲಿಸಿದವರ ಗಾಡಿಯೇ ಹೋಗಬೇಕಾಯಿತು, ಅದೂ ನನ್ನ ಕೈಯಿಂದ.

ಅವರನ್ನು ನಾನು ಕಾಕಾ ಅನ್ನುತ್ತೇನೆ. ರಕ್ತಸಂಬಂಧ ಏನೂ ಇಲ್ಲ. ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಒತ್ತಿ, ಹಿಡಿಕೆಗೆ ಕಿವಿ ಹಚ್ಚಿ ಒಳಗಿನ ಸದ್ದು ಕೇಳುವುದನ್ನು ಕಲಿಸಿದವರು ಅವರು. ಅವರ ಕೆನೆಬಣ್ಣದ ಅಂಬಾಸಿಡರಿನಲ್ಲಿ ಕಿತ್ತೂರು, ರಾಮದುರ್ಗದ ಕಡೆಯ ಎಷ್ಟೋ ಮದುಮಕ್ಕಳು ಮೆರೆದಿದ್ದಾರೆ. ಆ ಗಾಡಿಯ ಬಾನೆಟ್ಟನ್ನು ಅವರ ಹೊರತು ಇನ್ನೊಬ್ಬರು ಎತ್ತಿದ್ದಿಲ್ಲ. ಈಗ ಅವರಿಗೆ ಕಣ್ಣು ಮಂಜು, ಓಡಿಸುವುದಿಲ್ಲ. ಆದರೂ ದಿನಾ ಬೆಳಿಗ್ಗೆ ತಡವರಿಸುತ್ತಾ ಬಂದು ಸ್ಟೇರಿಂಗ್ ಹಿಂದೆ ಕುಳಿತು, ಗಾಡಿ ಚಾಲೂ ಮಾಡಿ, ಹತ್ತು ನಿಮಿಷ ಸುಮ್ಮನೆ ಕೇಳುತ್ತಿದ್ದರು. ಸೊಸೆ ಚಹಾವನ್ನು ಅಲ್ಲಿಗೇ ತಂದು ಕೊಡುತ್ತಿದ್ದಳು.

ಹೋದ ವರ್ಷ ಸವದತ್ತಿ ಕಡೆ ಒಂದು ಸಿನಿಮಾದವರು ಬಂದರು. ಅವರಿಗೆ ಒಂದೇ ಬಣ್ಣದ ಎರಡು ಅಂಬಾಸಿಡರ್ ಬೇಕಿತ್ತು. ಒಂದು ಚೆನ್ನಾಗಿ ಓಡಬೇಕು, ಇನ್ನೊಂದು ಕಲ್ಲಿನ ಖಣಿಗೆ ಬೀಳಬೇಕು. ಬೀಳುವುದನ್ನು ಅವರೇ ಗುಜರಿಯಿಂದ ತಂದಿದ್ದರು. ಓಡುವುದಕ್ಕೆ ನಾನು ಬೈಲಹೊಂಗಲದಲ್ಲಿದ್ದ ಕಾಕಾನ ಮನೆಗೆ ಹೋದೆ.

"ಮೂರು ದಿನದ ಕೆಲಸ ಕಾಕಾ. ರಸ್ತಾದಾಗ ಹೋಗೂದು, ಬರೂದು, ಅಷ್ಟ."

"ನೀ ಜೋಡಿ ಇರ್ತಿ?"

"ಇರ್ತೇನಿ."

"ಹಂಗಾರ ಒಯ್ಯಿ," ಅಂದು ಕೀಲಿಯನ್ನು ನನ್ನ ಅಂಗೈಯಲ್ಲಿಟ್ಟರು.

ಎರಡು ದಿನ ಎಲ್ಲವೂ ಸುಸೂತ್ರ. ಸೆಲ್ಫ್ ಸ್ಟಾರ್ಟರ್ ಅರ್ಧ ತಿರುಗುವಷ್ಟರಲ್ಲೇ ಗಾಡಿ ಚಾಲೂ ಆಗುತ್ತಿತ್ತು. ಎಲ್ಲರೂ ಹೊಗಳಿದರು, ನಾನು ಉಬ್ಬಿಹೋದೆ. ಮೂರನೆಯ ದಿನ ಖಣಿಯ ಸರದಿ. ಗುಜರಿ ಗಾಡಿಗೆ ಬೆಳಗಾವಿಯಿಂದ ಬೇರೊಬ್ಬ ಮಿಸ್ತ್ರಿ ಬಂದಿದ್ದ. ಬೆಳಿಗ್ಗೆ ನಾನು ಅದರೊಳಗೆ ಇಣುಕಿದ್ದಕ್ಕೆ, "ನಿಮ್ಮ ಗಾಡಿ ನೀವು ನೋಡ್ಕೋರಿ," ಅಂದಿದ್ದ. ಆ ಮಾತು ನನಗೆ ನಾಟಿತ್ತು. ಮಧ್ಯಾಹ್ನ ಅವನ ಗಾಡಿ ಕೈಕೊಟ್ಟಿತು. ಸೆಲ್ಫ್ ತಿರುಗುತ್ತಿತ್ತು, ಇಂಜಿನ್ ಹಿಡಿಯುತ್ತಿರಲಿಲ್ಲ. ಅವನು ಬಾನೆಟ್ಟನ್ನು ತೆರೆದಿಟ್ಟು ಏನೋ ಸಾಮಾನು ತರಲು ಸವದತ್ತಿಗೆ ಹೋದ. ಸಂಜೆಯಾದರೂ ಬರಲಿಲ್ಲ, ಫೋನೂ ಎತ್ತಲಿಲ್ಲ.

ಸಿನಿಮಾದ ಮ್ಯಾನೇಜರ್ ನನ್ನ ಹತ್ತಿರ ಓಡಿ ಬಂದ. "ಯಜಮಾನ್ರೇ, ನೀವೇ ಒಂದ್ಸಲ ನೋಡಿ. ಬೆಳಕು ಹೋಗ್ತಾ ಇದೆ."

ಅಲ್ಲಿ ನಿಂತೇ ನನಗೆ ಗೊತ್ತಾಗಿತ್ತು: ಕಂಡೆನ್ಸರ್ ಹೋಗಿದೆ. ಇಂಜಿನ್ನಿನಲ್ಲಿ ಕಿಡಿ ಹುಟ್ಟಲು ಬೇಕಾದ ಬೆರಳುಗಾತ್ರದ ವಸ್ತು. ಒಂದು ನನ್ನ ಡಬ್ಬಿಯಲ್ಲೇ ಇತ್ತು. ಆದರೆ ನಮ್ಮ ಕಸಬಿನಲ್ಲಿ ಒಂದು ಕಟ್ಟಳೆ ಇದೆ. ಒಬ್ಬ ಮಿಸ್ತ್ರಿ ಬಿಚ್ಚಿಟ್ಟ ಗಾಡಿಯನ್ನು ಇನ್ನೊಬ್ಬ ಅವನನ್ನು ಕೇಳದೆ ಮುಟ್ಟಬಾರದು.

"ಅಂವ ಬಿಚ್ಚ್ಯಾನ, ಅಂವನ ಬರ್ಲಿ. ನಾ ಕೈ ಹಚ್ಚೂದಿಲ್ಲ," ಅಂದೆ. ಹೇಳುವಾಗ ಒಳಗೊಳಗೇ ಸಂತೋಷವಾಗಿತ್ತು, ಸುಳ್ಳು ಯಾಕೆ ಹೇಳಲಿ. ಬೆಳಿಗ್ಗೆ ನನಗೆ ಬುದ್ಧಿ ಹೇಳಿದವನ ಮರ್ಯಾದೆ ಅಷ್ಟು ಜನರ ಮುಂದೆ ಹೋಗುತ್ತಿತ್ತು. ನನ್ನ ಸೊಕ್ಕಿಗೆ ಕಟ್ಟಳೆಯ ಅಂಗಿ ತೊಡಿಸಿದ್ದೆ.

ಮ್ಯಾನೇಜರ್ ಫೈಟ್ ಮಾಸ್ಟರನ ಜೊತೆ ಪಿಸುಗುಟ್ಟಿ ಮತ್ತೆ ಬಂದ. "ಹಾಗಾದ್ರೆ ನಿಮ್ಮ ಗಾಡೀನೇ ಬೀಳಿಸ್ತೀವಿ. ಮಾಲೀಕರಿಗೆ ಏನು ಬೇಕೋ ಕೊಡೋಣ. ಹೂಂ ಅಂತೀರಾ?"

ನೂರು ಕಣ್ಣು ನನ್ನ ಮೇಲಿದ್ದವು. ಬೇಡ ಅಂದರೆ ಆ ಗುಜರಿ ಗಾಡಿಗೆ ನಾನೇ ಬಗ್ಗಬೇಕು. ಆಗಲೇ ಆಡಿದ ಮಾತನ್ನು ನುಂಗಬೇಕು. "ನಿಮಗ ತಿಳಿದಂಗ ಮಾಡ್ರಿ," ಅಂದು ಕೀಲಿಯನ್ನು ಕಾಕಾನ ಗಾಡಿಯ ಬಾನೆಟ್ಟಿನ ಮೇಲಿಟ್ಟೆ.

ಸಾಹಸ ಮಾಡುವ ಹುಡುಗ ಗಾಡಿಯನ್ನು ಅಂಚಿನವರೆಗೆ ಓಡಿಸಿ ಹೊರಗೆ ಜಿಗಿದ. ಗಾಡಿ ಮುಂದಕ್ಕೆ ಹೋಯಿತು. ಕೆಳಗೆ ಬೀಳುವವರೆಗೂ ಇಂಜಿನ್ ಒಂದೇ ಸಮ ನಡೆಯುತ್ತಿತ್ತು. ಒಂದು ಸಲವೂ ಮಿಸ್ ಹೊಡೆಯಲಿಲ್ಲ. ಆಮೇಲೆ ತಗಡಿನ ಸದ್ದು, ಗಾಜಿನ ಸದ್ದು, ಚಪ್ಪಾಳೆ. ಯಾರೋ ನನ್ನ ಬೆನ್ನು ತಟ್ಟಿದರು. ನಾನು ಕಲ್ಲಿನ ರಾಶಿಯ ಮೇಲೆ ಕುಳಿತುಬಿಟ್ಟೆ.

ಮರುದಿನ ಬೆಳಿಗ್ಗೆ ಬೈಲಹೊಂಗಲಕ್ಕೆ ಬಸ್ಸಿನಲ್ಲಿ ಹೋದೆ. ಕಾಕಾ ಕಟ್ಟೆಯ ಮೇಲೆ ಕುಳಿತಿದ್ದರು. ನಾನು ನಡೆದು ಬಂದ ಸದ್ದಿಗೇ ಅವರ ಮುಖ ಬದಲಾಯಿತು. ಏನನ್ನೂ ಮುಚ್ಚಿಡದೆ ಹೇಳಿದೆ, ಕಂಡೆನ್ಸರಿನ ಸಂಗತಿಯನ್ನೂ.

ಅವರು ನನ್ನ ದನಿಯ ಕಡೆಗೆ ಮುಖ ತಿರುಗಿಸಿದರು. "ಎರಡು ಮಿನಿಟಿನ ಕೆಲಸ ಇತ್ತಲ್ಲೋ. ಯಾಕ ಮಾಡ್ಲಿಲ್ಲ?"

"ನೀವ ಕಲಿಸಿದ್ದು ಕಾಕಾ. ಇನ್ನೊಬ್ಬ ಮಿಸ್ತ್ರಿ ಬಿಚ್ಚಿದ ಗಾಡಿ, ಅಂವನ್ನ ಕೇಳದ ಮುಟ್ಟಬಾರದಂತ."

"ಹೌದು. ಕಲಿಸೇನಿ." ಸೊಸೆ ತಂದಿಟ್ಟ ಚಹಾ ಆರುತ್ತಿತ್ತು. ಅವರು ಅದನ್ನು ಮುಟ್ಟಲಿಲ್ಲ. "ಆ ಗಾಡಿ ಬಿಚ್ಚಿದಾಂವ ಊರಾಗ ಇರಲಿಲ್ಲ. ನನ್ನ ಗಾಡಿಗೆ ಕೈ ಹಚ್ಚಿದಾಂವ ನಾನು. ನಾ ಮನ್ಯಾಗ ಇದ್ನಲ್ಲೋ ತಮ್ಮಾ. ನನ್ನ ಒಂದು ಮಾತು ಕೇಳಿದ್ಯಾ?"

ಕೇಳಿರಲಿಲ್ಲ. ಖಣಿಯ ಅಂಚಿನಲ್ಲಿ ನಿಂತಷ್ಟು ಹೊತ್ತೂ ಫೋನು ನನ್ನ ಕಿಸೆಯಲ್ಲಿತ್ತು. ಕಾಕಾನಿಗೆ ಫೋನು ಹಚ್ಚಿದ್ದರೆ ಅವರು ಏನು ಹೇಳುತ್ತಿದ್ದರು ಎಂಬುದು ನನಗೆ ಗೊತ್ತಿತ್ತು. ಅದಕ್ಕೇ ಹಚ್ಚಿರಲಿಲ್ಲ.